ತರಬಾರದ ಕಾಗದ, ತರಬೇಕಿಲ್ಲದ ಕಾಗದ

ಈ ವಾರ ಒಂದು ಸಂದರ್ಶನದ ಬಾಗಿಲಿಗೆ ಅಂಟಿಸಿದ್ದ ಸೂಚನೆಯಲ್ಲಿ ಹೀಗಿತ್ತು: 'ಡಾಕ್ಯುಮೆಂಟ್ಸ್ ದಟ್ ಯು ಮಸ್ಟ್ ನಾಟ್ ಬ್ರಿಂಗ್.' ಕೆಳಗೆ ಪಟ್ಟಿ: ಹಳೆಯ ಅಂಕಪಟ್ಟಿ, ಫೋಟೊ, ಅನುಭವ ಪತ್ರ. ಓದಿದ ಹುಡುಗಿಯೊಬ್ಬಳು ಗಾಬರಿಯಾಗಿ, "ಸಾರ್, ಫೋಟೊ ತಂದುಬಿಟ್ಟಿದ್ದೀನಿ, ಒಳಗೆ ಬಿಡಲ್ವಾ?" ಅಂದಳು. ಸೂಚನೆ ಬರೆದವರಿಗೆ ಅವಳ ಗಾಬರಿಯೇ ಅರ್ಥವಾಗಲಿಲ್ಲ. "ಬೇಡ ಅಂತ ತಾನೇ ಹಾಕಿರೋದು?" ಅಂದರು, ಅವಳದೇ ತಪ್ಪೆಂಬ ಧಾಟಿಯಲ್ಲಿ.

ಎಡವಟ್ಟು ಇರುವುದು ಆ 'ಬೇಡ'ದಲ್ಲೇ. 'ತರಬೇಡಿ' ನಿಷೇಧ. 'ಅದೆಲ್ಲ ಬೇಡ ಬಿಡಿ' ಅಂದರೆ ವಿನಾಯಿತಿ. ಮಾತಿನಲ್ಲಿ ಎರಡಕ್ಕೂ ಒಂದೇ ಪದ ಸಾಕು, ಧ್ವನಿ ಉಳಿದದ್ದನ್ನು ಹೇಳುತ್ತದೆ. ಆದರೆ ನಾಮಪದದ ಮುಂದೆ ಕೂರಿಸುವಾಗ ಕನ್ನಡವೂ ಇವನ್ನು ಬೇರೆ ಮಾಡುತ್ತದೆ: ತರಬಾರದ ಕಾಗದ, ತರಬೇಕಿಲ್ಲದ ಕಾಗದ. ಇಂಗ್ಲಿಷಿನ 'ಮಸ್ಟ್ ನಾಟ್' ಮೊದಲನೆಯದು. ಇಲ್ಲಿ 'ನಾಟ್' ಕಡ್ಡಾಯವನ್ನು ಅಳಿಸುವುದಿಲ್ಲ; ತರದೇ ಇರುವುದನ್ನೇ ಕಡ್ಡಾಯ ಮಾಡುತ್ತದೆ. ಎರಡನೆಯದಕ್ಕೆ 'ಡೋಂಟ್ ಹ್ಯಾವ್ ಟು' ಅಥವಾ 'ನೀಡ್ ನಾಟ್' ಬೇಕು. ಬರೆಯುವ ಮೊದಲು 'ಬಾರದ'ವೋ 'ಬೇಕಿಲ್ಲದ'ವೋ ಎಂದು ಕೇಳಿಕೊಂಡಿದ್ದರೆ ಆ ಹುಡುಗಿ ಫೋಟೊ ಬಚ್ಚಿಡಬೇಕಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ತಿದ್ದಿದ ಪ್ರತಿ ಬಂತು: 'ಡಾಕ್ಯುಮೆಂಟ್ಸ್ ದಟ್ ಯು ಡೋಂಟ್ ಹ್ಯಾವ್ ಟು ಬ್ರಿಂಗ್ ದೆಮ್.' ಒಂದು ಹೋಯಿತು, ಇನ್ನೊಂದು ಬಂತು. 'ಯು ಡೋಂಟ್ ಹ್ಯಾವ್ ಟು ಬ್ರಿಂಗ್ ದೆಮ್' ಎಂಬ ಪೂರ್ಣ ವಾಕ್ಯವನ್ನು ಮೊದಲು ಕಟ್ಟಿ, ಆಮೇಲೆ 'ದಟ್' ಅಂಟಿಸಿದರೆ ಹೀಗಾಗುತ್ತದೆ. 'ದಟ್' ಆಗಲೇ 'ದೆಮ್'ನ ಜಾಗ ತುಂಬಿದೆ. ನಿಜಕ್ಕೂ ಇಲ್ಲಿ 'ದಟ್' ಕೂಡ ಬೇಕಿಲ್ಲ, ಯಾಕೆಂದರೆ ಅದರ ಬೆನ್ನಿಗೇ 'ಯು' ಎಂಬ ಕರ್ತೃ ಇದೆ. ಆದರೆ ಬೆನ್ನಿಗೇ 'ಕ್ಯಾನ್', 'ಮಸ್ಟ್'ನಂಥ ಕ್ರಿಯಾಪದ ಬಂದರೆ 'ದಟ್' ಆಗಲಿ 'ಹೂ' ಆಗಲಿ ಕೈಬಿಡುವಂತಿಲ್ಲ: 'ದಿ ಆಫೀಸರ್ ಹೂ ಕ್ಯಾನ್ ಸೈನ್ ಈಸ್ ಆನ್ ಲೀವ್.' ಇದರಲ್ಲಿ 'ಹೂ' ತೆಗೆದರೆ ವಾಕ್ಯ ಕುಸಿಯುತ್ತದೆ.

'ಬೇಕಾಗಿದ್ದ' ಇನ್ನೊಂದು ಬಲೆ. 'ಕಳಿಸಬೇಕಾಗಿದ್ದ ಪತ್ರ' ಅಂದಾಗ ಕಳಿಸಿಲ್ಲ ಎಂಬ ಕೊರಗಿದ್ದರೆ 'ದಿ ಲೆಟರ್ ಐ ಶುಡ್ ಹ್ಯಾವ್ ಸೆಂಟ್'. ಬೇರೆ ದಾರಿಯಿಲ್ಲದೆ ಕಳಿಸಿದ್ದಾದರೆ 'ದಿ ಲೆಟರ್ ಐ ಹ್ಯಾಡ್ ಟು ಸೆಂಡ್'. ತಪ್ಪೊಪ್ಪಿಗೆ ಬರೆಯುವವರು ಇವೆರಡನ್ನು ಅದಲುಬದಲು ಮಾಡಿದರೆ ಒಪ್ಪಿಗೆಯೇ ಸಮರ್ಥನೆಯಾಗುತ್ತದೆ.

ಮತ್ತೆ ಆ ಬಾಗಿಲಿಗೆ. "ಬೇಡ ಅಂತ ತಾನೇ" ಅಂದವರು ತಿದ್ದಿದ ಪ್ರತಿಯ ಕೊನೆಗೆ ಒಂದು ಸಾಲನ್ನೂ ಸೇರಿಸಿದ್ದರು, 'ದಿ ಪರ್ಸನ್ ಯು ಶುಡ್ ಟಾಕ್ ಈಸ್ ಇನ್‌ಸೈಡ್.' ಇದಕ್ಕೆ ಅವರನ್ನು ದೂರಲು ಮನಸ್ಸು ಬಾರದು. 'ಅವರ ಹತ್ತಿರ ಮಾತಾಡಬೇಕು' ಎಂಬುದು 'ಮಾತಾಡಬೇಕಾದವರು' ಆಗುವಾಗ ಕನ್ನಡದಲ್ಲಿ 'ಹತ್ತಿರ' ತಾನಾಗಿಯೇ ಮಾಯ. ಇಂಗ್ಲಿಷಿನಲ್ಲಿ ಅದು ಮಾಯವಾಗದೆ ಕ್ರಿಯಾಪದದ ಬಾಲಕ್ಕೆ 'ಟು' ಆಗಿ ನೇತಾಡುತ್ತದೆ: 'ದಿ ಪರ್ಸನ್ ಯು ಶುಡ್ ಟಾಕ್ ಟು.' ಮೇಲಿನ ಸಾಲಿನ 'ದೆಮ್' ಅಳಿಸಿ, ಕೆಳಗಿನ ಸಾಲಿಗೊಂದು 'ಟು' ಬರೆದಿದ್ದರೆ ಮೂರನೆಯ ಪ್ರತಿ ಅಚ್ಚು ಹಾಕಿಸಬೇಕಿರಲಿಲ್ಲ, ಪೆನ್ನು ಸಾಕಿತ್ತು.