ಮೂರು ಸುತ್ತು ಹಿಡಿದ ಮಾತ್ರಕ್ಕೆ ಥ್ರೆಡ್ ಸರಿ ಅಂತಲ್ಲ

ಹಳೆ ಅಂಬಾಸಿಡರ್ ಇಟ್ಟುಕೊಂಡವರು ಆಯಿಲ್ ಪ್ರೆಶರ್ ಗೇಜ್ ಹಾಕಿಸಲು ಹೊರಟರೆ ತಲೆನೋವು ಗೇಜಿನದಲ್ಲ, ಅದರ ಫಿಟಿಂಗಿನದು. ಅಂಗಡಿಯಲ್ಲಿ "ಒನ್ ಬೈ ಏಟ್ ಕೊಡಿ" ಅಂದರೆ ಬ್ರಿಟಿಷ್ ಪೈಪ್ ಥ್ರೆಡ್ ಆದ ಬಿಎಸ್‌ಪಿ ಬರಬಹುದು, ಅಮೆರಿಕನ್ ಪೈಪ್ ಥ್ರೆಡ್ ಆದ ಎನ್‌ಪಿಟಿಯೂ ಬರಬಹುದು. ಎರಡನ್ನೂ ಕರೆಯುವುದು ಒನ್ ಬೈ ಏಟ್ ಅಂತಲೇ!

ಆದರೆ ವರ್ನಿಯರ್ ಹಿಡಿದು ನೋಡಿದರೆ 1/8 ಇಂಚು, ಅಂದರೆ 3 ಮಿಲಿಮೀಟರ್ ಚಿಲ್ಲರೆ, ಎಲ್ಲೂ ಸಿಗುವುದಿಲ್ಲ. ಅದು ಹಿಂದಿನ ಕಾಲದ ಪೈಪಿನ ಒಳಅಳತೆಯಿಂದ ಬಂದ ಹೆಸರು. ಹೊರಗಡೆ ಬಿಎಸ್‌ಪಿ 9.73 ಮಿಲಿಮೀಟರ್, ಎನ್‌ಪಿಟಿ 10ಕ್ಕಿಂತ ಸ್ವಲ್ಪ ಜಾಸ್ತಿ, ಇವೆರಡರ ನಡುವೆ ತೂರಿಕೊಳ್ಳಲು ಎಂ10 ಮೆಟ್ರಿಕ್ ಬೇರೆ ಇದೆ, ಹೊಸ ಎಲೆಕ್ಟ್ರಿಕ್ ಸೆಂಡರ್‌ಗಳಲ್ಲಿ (ಪ್ರೆಶರನ್ನು ವೈರ್ ಮೂಲಕ ಗೇಜಿಗೆ ತಿಳಿಸುವ ಸೆನ್ಸರ್) ಅದು ಮಾಮೂಲು.

ಬಿಎಸ್‌ಪಿಗೆ ಇಂಚಿಗೆ 28 ಥ್ರೆಡ್, ಎನ್‌ಪಿಟಿಗೆ 27. ಫಿಟಿಂಗಿನ ಥ್ರೆಡ್ ಉದ್ದವೇ ಒಂದು ಸೆಂಟಿಮೀಟರ್ ಆಸುಪಾಸು, ಅಷ್ಟರಲ್ಲಿ ಎರಡಕ್ಕೂ ಅರ್ಧ ಥ್ರೆಡ್‌ನಷ್ಟೂ ವ್ಯತ್ಯಾಸ ಬರುವುದಿಲ್ಲ. ಅದಕ್ಕೇ ತಪ್ಪು ಫಿಟಿಂಗೂ ಎರಡು ಮೂರು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯಾಗುತ್ತದೆ, ಎನ್‌ಪಿಟಿ ಹೇಗೂ ಟೇಪರ್, ಅಂದರೆ ತುದಿಯತ್ತ ಸಣ್ಣದಾಗುತ್ತಾ ಹೋಗುವಂಥದ್ದು, ಆದ್ದರಿಂದ ಆ ಬಿಗಿ ಸರಿಯಾದದ್ದೇ ಅನ್ನಿಸುತ್ತದೆ. ಅಲ್ಲಿ ಸ್ಪ್ಯಾನರ್ ಹಾಕಿ ಎಳೆಯುವ ಮೆಕ್ಯಾನಿಕ್ಕಿಗೆ ದಯವಿಟ್ಟು ಗಾಡಿ ಕೊಡಬೇಡಿ. ಅಂಬಾಸಿಡರ್‌ನ ಹಳೆಯ 1489 ಸಿಸಿ ಎಂಜಿನ್ ಬ್ರಿಟನ್ನಿನ ಬಿಎಂಸಿ ಬಿ-ಸೀರೀಸ್, ಅದರ ಬ್ಲಾಕ್ ಎರಕದ ಕಬ್ಬಿಣ. ಫಿಟಿಂಗ್ ಹೋದರೆ ಇನ್ನೊಂದು ತರಬಹುದು, ಬ್ಲಾಕ್ ಬಿರುಕು ಬಿಟ್ಟರೆ?

ಬ್ಲಾಕಿನ ತೂತು ಅಳೆಯುತ್ತಾ ಕೂರಬೇಡಿ. ಅಲ್ಲಿರುವ ಹಳೆ ಆಯಿಲ್ ಪ್ರೆಶರ್ ಸ್ವಿಚ್ಚನ್ನೋ ಪೈಪ್ ಜೋಡಿಸುವ ಯೂನಿಯನ್ನನ್ನೋ ಬಿಚ್ಚಿ ತುದಿಯಲ್ಲಿ ಒಮ್ಮೆ, ಬುಡದಲ್ಲಿ ಒಮ್ಮೆ ವರ್ನಿಯರ್ ಹಿಡಿಯಿರಿ. ಎರಡೂ ಒಂದೇ ಬಂದರೆ ಪ್ಯಾರಲಲ್, ಬುಡ ದಪ್ಪಗಿದ್ದರೆ ಟೇಪರ್. ಟೇಪರ್ ಅಂದ ಕೂಡಲೇ ಎನ್‌ಪಿಟಿ ಅಂತ ತೀರ್ಮಾನಿಸಬೇಡಿ, ಬಿಎಸ್‌ಪಿಯಲ್ಲೂ ಟೇಪರ್ ಇದೆ. ಕೊನೆಯ ಮಾತು ಹೇಳಬೇಕಾದ್ದು ಪಿಚ್ ಗೇಜ್, ಅಂದರೆ ಥ್ರೆಡ್ ಗುರುತಿಸುವ ಹಲ್ಲಿನ ಪಟ್ಟಿ. ಹಲ್ಲನ್ನು ಥ್ರೆಡ್ ಮೇಲಿಟ್ಟು ಬೆಳಕಿಗೆ ಹಿಡಿಯಿರಿ, ಸಂದಿಯಲ್ಲಿ ಬೆಳಕು ಕಂಡರೆ ಅದಲ್ಲ. ಬಿಎಸ್‌ಪಿ ಹಲ್ಲಿನ ಕೋನ 55 ಡಿಗ್ರಿ, ಎನ್‌ಪಿಟಿ ಮತ್ತು ಮೆಟ್ರಿಕ್‌ಗೆ 60, ಆದ್ದರಿಂದ ಗೇಜ್ ಸೆಟ್ ಕೂಡ ಆಯಾ ಜಾತಿಯದೇ ಬೇಕು.

ಪ್ಯಾರಲಲ್ ಆದರೆ ತಾಮ್ರದ ವಾಷರ್ ಸಾಕು, ಸುಮ್ನೆ ಟೆಫ್ಲಾನ್ ಟೇಪ್ ಸುತ್ತಬೇಡಿ. ಒಂದೇ ವೈರಿನ ಸೆಂಡರ್‌ಗೆ ಅರ್ತ್ ಸಿಗುವುದು ಥ್ರೆಡ್ ಮೂಲಕ, ಟೇಪ್ ಜಾಸ್ತಿಯಾದರೆ ಗೇಜ್ ತಪ್ಪು ತೋರಿಸಬಹುದು. ವಾರ್ನಿಂಗ್ ಲೈಟನ್ನು ಮಾತ್ರ ತೆಗೆಯಬೇಡಿ, ಟೀ ಫಿಟಿಂಗ್ (T ಆಕಾರದ ಕವಲು) ಹಾಕಿ ಲೈಟ್, ಗೇಜ್ ಎರಡನ್ನೂ ಉಳಿಸಿಕೊಳ್ಳಿ, ಓಡಿಸುವಾಗ ಯಾರು ಗೇಜನ್ನೇ ನೋಡುತ್ತಾ ಕೂರುತ್ತಾರೆ ಅಲ್ವಾ? ಲೀಕ್ ನೋಡುವುದಾದರೆ ಬೆಳಗ್ಗೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ ನೋಡಿ, ಆಗ ಆಯಿಲ್ ದಪ್ಪ, ಪ್ರೆಶರ್ ಜಾಸ್ತಿ.