ಲಾರಿಗೆ ಲೋಡ್ ಮಾಡ್ಲಿಕ್ಕೆ ಎಂಬಿಎ ಎಂತಕ್ಕೆ?

ಬೇಡ. ಲಾರಿಗೆ ಲೋಡ್ ಮಾಡ್ಲಿಕ್ಕೆ ಎಂಬಿಎ ಬೇಡವೇ ಬೇಡ. ಲೋಡಿಂಗಿನವರಿಗೆ ಅವರ ಕೆಲಸ ಚೆನ್ನಾಗಿ ಗೊತ್ತುಂಟು, ನಾನು ಹೋಗಿ ನಿಂತರೆ ಅವರಿಗೆ ಅಡ್ಡ. ಆಪರೇಷನ್ಸ್ ಮತ್ತು ಸಪ್ಲೈ ಚೈನ್ (ಮಾಲು ತಯಾರಾಗುವಲ್ಲಿಂದ ಗಿರಾಕಿಯ ಕೈ ಸೇರುವವರೆಗಿನ ಲೆಕ್ಕಾಚಾರ) ಎಂಬ ವಿಷಯ ತೆಗೆದುಕೊಂಡು ಎರಡು ವರ್ಷ ಎಂಬಿಎ ಓದಿದವಳು ನಾನು. ಆ ಮೇಲೆ ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ಇನ್ನು ಕೇಳಿದವರಿಗೆ ಲಿಂಕ್ ಕಳಿಸುವುದೇ.

ನಮ್ಮ ಕಾಸರಗೋಡಿನ ಕಡೆ ಈ ಪ್ರಶ್ನೆಗೆ ಊರಿಂದೂರಿಗೆ ಬೇರೆ ಬೇರೆ ವೇಷ. ಕುಂಬಳೆಯಲ್ಲಿ "ಟ್ರಾನ್ಸ್‌ಪೋರ್ಟ್ ಆಫೀಸಾ?" ಬದಿಯಡ್ಕದಲ್ಲಿ "ಕೊರಿಯರಾ?" ದೊಡ್ಡಮ್ಮಂದಿರದ್ದು ಪ್ರಶ್ನೆಯೇ ಅಲ್ಲ, ಮರುಕ: "ಎಚ್‌ಆರ್ ತೆಗೊಳ್ಬಹುದಿತ್ತಲ್ಲ, ಹುಡುಗಿಯರಿಗೆ ಅದು ಒಳ್ಳೇದು." ಫೈನಾನ್ಸ್ ಓದಿದ ನನ್ನ ಭಾವನಿಗೆ "ನೋಟು ಎಣಿಸ್ಲಿಕ್ಕೆ ಎಂಬಿಎ ಎಂತಕ್ಕೆ" ಎಂದು ಇವತ್ತಿನವರೆಗೆ ಯಾರೂ ಕೇಳಿಲ್ಲ. ಅವನನ್ನು ಪಕ್ಕಕ್ಕೆ ಕರೆದು ಯಾವ ಷೇರು ತೆಗೊಳ್ಳುವುದು ಎಂದು ಕೇಳುತ್ತಾರೆ. ಕಳೆದ ವರ್ಷ ಅವನು ಹೇಳಿದ ಷೇರು ಎಲ್ಲಿಗೆ ಬಂದು ನಿಂತಿತು ಎಂಬುದು ಕುಟುಂಬಕ್ಕೆಲ್ಲ ಗೊತ್ತು, ಆದರೂ ಕೇಳುತ್ತಾರೆ.

ನನಗೆ ನಿಜವಾಗಿ ಉರಿದದ್ದು ನೀರ್ಚಾಲಿನ ಹತ್ತಿರ ಒಂದು ಗೃಹಪ್ರವೇಶದ ಹಿಂದಿನ ರಾತ್ರಿ. ಚಪ್ಪರದಡಿ ಸಾಲಾಗಿ ಕೂತು ಎಲ್ಲರೂ ತರಕಾರಿ ಕೊರೆಯುತ್ತಿದ್ದೆವು. ನನ್ನ ಪಾಲಿಗೆ ಮಂಗಳೂರು ಸೌತೆ. ಎದುರಿಗೆ ಕೂತಿದ್ದ ಮಾವ (ಹೆಸರು ಬೇಡ, ಇದನ್ನು ಓದುತ್ತಾರೆ) ಕುಂಬಳಕಾಯಿಯ ತಿರುಳು ತೆಗೆಯುತ್ತಾ, ಎಲ್ಲರಿಗೂ ಕೇಳುವ ಹಾಗೆ, "ಎಂತ ಕೂಸೇ, ಅಷ್ಟು ಓದಿ ಕಡೆಗೂ ಲಾರಿ ಲೈನಿಗೇ ಹೋದ್ಯಾ?" ಎಂದರು. ಚಪ್ಪರ ಇಡೀ ನಕ್ಕಿತು.

ಅದೇ ಹೊತ್ತಿಗೆ ಅಡಿಗೆ ಭಟ್ಟರಿಗೂ ಮನೆ ಯಜಮಾನರಿಗೂ ಅಕ್ಕಿಯ ಚರ್ಚೆ ನಡೆದಿತ್ತು. ಹೇಳಿಕೆ ಹೋದದ್ದು 500 ಜನಕ್ಕೆ. ಆದರೆ ಮರುದಿನ ಪುತ್ತೂರಿನಲ್ಲಿ ಒಂದು ಮದುವೆ, ಪೆರ್ಲದಲ್ಲಿ ಒಂದು ಉಪನಯನ. ಎಷ್ಟು ಜನ ಹಂಚಿಹೋಗುತ್ತಾರೆ ಎಂದು ಯಾರಿಗೆ ಗೊತ್ತು? 400ಕ್ಕೆ ಸಾಕು ಎಂದು ಯಜಮಾನರು. ಭಟ್ಟರು ಒಪ್ಪಲಿಲ್ಲ. "ಉಳಿದರೆ ದನಕ್ಕಾದರೂ ಆಗ್ತದೆ. ಮುಗಿದರೆ ಮುಖ ಎಲ್ಲಿ ಇಡುವುದು?"

ಇದು ನಮ್ಮ ಮೊದಲ ವರ್ಷದ ಪಾಠ. ಪೇಪರ್ ಮಾರುವವನ ಲೆಕ್ಕ ಎನ್ನುತ್ತಾರೆ. ಬೆಳಿಗ್ಗೆ ಎಷ್ಟು ಪೇಪರ್ ತರಿಸಬೇಕು? ಉಳಿದದ್ದು ರದ್ದಿ, ಕಡಿಮೆಯಾದರೆ ಗಿರಾಕಿ ಹೋದ. ಕಡಿಮೆಯಾದಾಗಿನ ನಷ್ಟ 9 ಪಾಲು, ಉಳಿದಾಗಿನ ನಷ್ಟ 1 ಪಾಲು ಎಂದಾದರೆ, ಅಂಥ 100 ದಿನಗಳಲ್ಲಿ 90 ದಿನಕ್ಕೆ ಸಾಲುವಷ್ಟು ತರಿಸಬೇಕು. 9ನ್ನು ಎರಡೂ ಪಾಲು ಸೇರಿದ 10ರಿಂದ ಭಾಗಿಸುವುದು, ಅಷ್ಟೇ. ಮರ್ಯಾದೆಯ ಬೆಲೆ ಅಕ್ಕಿಯ ಬೆಲೆಗಿಂತ ಎಷ್ಟು ಪಟ್ಟು ಎಂದು ಭಟ್ಟರು ಮನಸ್ಸಿನಲ್ಲೇ ಕಟ್ಟಿಟ್ಟಿದ್ದರು. ಯಜಮಾನರದ್ದು ಬೇರೆ ಗುಣಾಕಾರ. ಜಗಳ ಅಷ್ಟಕ್ಕೇ.

ಬಗೆಹರಿಸಿದ್ದು ಯಾರು? ನನ್ನನ್ನು ನೋಡಿ ನಕ್ಕ ಅದೇ ಮಾವ. "400ಕ್ಕೆ ಬೇಯಿಸಿ ಭಟ್ರೇ. ಇನ್ನು 100ರ ಅಕ್ಕಿ ತೊಳೆದು ಇಡುವ, ನೀರು ಕಾದಿರಲಿ. ಮೊದಲ ಹಂತಿ (ಊಟದ ಸಾಲು) ಕೂತಾಗ ಅಂದಾಜು ಸಿಗ್ತದೆ, ಬೇಕಾದರೆ ಹಾಕುವ." ನನ್ನ ಕೈಯ ಸೌತೆ ಅಲ್ಲೇ ನಿಂತಿತು. ಬೆನೆಟನ್ ಎಂಬ ಇಟಲಿಯ ಬಟ್ಟೆ ಕಂಪನಿ ಇದನ್ನೇ ಮಾಡಿ ಪಠ್ಯಪುಸ್ತಕ ಸೇರಿತು: ಸ್ವೆಟರುಗಳನ್ನು ಬಣ್ಣವಿಲ್ಲದೆ ಹೆಣೆದಿಟ್ಟು, ಆ ವರ್ಷ ಯಾವ ಬಣ್ಣ ಓಡುತ್ತದೆ ಎಂದು ನೋಡಿಕೊಂಡು ಆಮೇಲೆ ಬಣ್ಣಕ್ಕೆ ಅದ್ದುವುದು. ಕೊನೆಯ ನಿರ್ಧಾರವನ್ನು ಆದಷ್ಟು ಮುಂದೂಡುವ ಉಪಾಯ. ಇದನ್ನು ಮಾವನಿಗೆ ಹೇಳಿದೆ. "ಹಾಗಾದರೆ ಇದಕ್ಕೆ ಎಂಬಿಎ ಎಂತಕ್ಕೆ, ನನಗೇ ಗೊತ್ತುಂಟಲ್ಲ" ಎಂದರು. ಮತ್ತೊಮ್ಮೆ ನಗು.

ಆ ಮಾತಿಗೆ ಅಲ್ಲಿ ನನ್ನಿಂದ ಉತ್ತರ ಹೊರಡಲಿಲ್ಲ, ಇಲ್ಲಿ ಹೇಳುತ್ತೇನೆ. ಮಾವನಿಗೆ ಹಂತಿ ಕಣ್ಣಿಗೆ ಕಾಣುತ್ತದೆ. ಒಲೆ ಹತ್ತು ಹೆಜ್ಜೆ ದೂರ. ಬಿಸ್ಕೀಟಿನ ಕಾರ್ಖಾನೆಗೆ ತಿನ್ನುವವರು ಕಾಣುವುದಿಲ್ಲ. ನಡುವೆ ಅಂಗಡಿಯವನು, ಹೋಲ್‌ಸೇಲಿನವನು, ಡಿಸ್ಟ್ರಿಬ್ಯೂಟರ್ ಇದ್ದಾರೆ. ಪ್ರತಿಯೊಬ್ಬನಿಗೂ ಕಾಣುವುದು ಪಕ್ಕದವನು ಕಳಿಸಿದ ಆರ್ಡರ್ ಮಾತ್ರ.

ಇದನ್ನು ಕಲಿಸಲಿಕ್ಕೆ ಒಂದು ಆಟ ಉಂಟು. ಅಮೆರಿಕದ ಎಂಐಟಿ ಎಂಬ ವಿಶ್ವವಿದ್ಯಾಲಯದಲ್ಲಿ 1960ರ ದಶಕದಲ್ಲಿ ಹುಟ್ಟಿದ್ದು, ಹೆಸರು ಬಿಯರ್ ಗೇಮ್. ನಾಲ್ಕು ಜನ ಸಾಲಾಗಿ ಕೂರುವುದು: ಅಂಗಡಿ, ಹೋಲ್‌ಸೇಲ್, ಡಿಸ್ಟ್ರಿಬ್ಯೂಟರ್, ಕಾರ್ಖಾನೆ. ಮಾತಾಡುವ ಹಾಗಿಲ್ಲ, ಆರ್ಡರಿನ ಚೀಟಿ ಮಾತ್ರ ದಾಟಿಸುವುದು. ಕಳಿಸಿದ ಮಾಲು ತಲುಪಲಿಕ್ಕೆ ಒಂದೆರಡು ವಾರ ಬೇಕು. ಗಿರಾಕಿ ಮೊದಲು ವಾರಕ್ಕೆ 4 ಪೆಟ್ಟಿಗೆ ಕೇಳುತ್ತಾನೆ. ಮಧ್ಯೆ ಒಂದೇ ಒಂದು ಸಲ ಅದು 8 ಆಗುತ್ತದೆ, ಆಮೇಲೆ ಕೊನೆಯವರೆಗೂ 8. ಇಷ್ಟಕ್ಕೇ ಕೋಲಾಹಲ. ಮಾಲು ಬರಲಿಲ್ಲ ಎಂದು ಅಂಗಡಿಯವನು ಇಮ್ಮಡಿ ಬರೆಯುತ್ತಾನೆ, ಅದನ್ನು ನೋಡಿ ಹೋಲ್‌ಸೇಲಿನವನು ಅದಕ್ಕೂ ಹೆಚ್ಚು, ಕಾರ್ಖಾನೆ ಹಗಲು ರಾತ್ರಿ ಓಡುತ್ತದೆ. ಕಡೆಗೆ ಎಲ್ಲ ಮಾಲು ಒಟ್ಟಿಗೇ ಬಂದು ಬೀಳುತ್ತದೆ, ಆಗ ಯಾರಿಗೂ ಬೇಡ. ಆಟ ಮುಗಿದ ಮೇಲೆ ನಾಲ್ವರೂ ಗಿರಾಕಿಗೆ ಬೈಯುತ್ತಾರೆ. ಅವನ ಚೀಟಿ ತೆಗೆದು ತೋರಿಸಿದಾಗ ಕ್ಲಾಸು ತಣ್ಣಗಾಗುತ್ತದೆ. ಮಕ್ಕಳ ಡೈಪರಿನ ವ್ಯಾಪಾರದಲ್ಲೂ ಹೀಗೇ ಆಗುವುದನ್ನು ಪ್ರಾಕ್ಟರ್ ಆಂಡ್ ಗ್ಯಾಂಬಲ್ ಕಂಪನಿ ಗಮನಿಸಿತ್ತು. ಮಗು ಒಂದೇ ಲೆಕ್ಕದಲ್ಲಿ ಒದ್ದೆ ಮಾಡುತ್ತಿರುತ್ತದೆ, ಆರ್ಡರು ಮಾತ್ರ ಏರಿ ಇಳಿಯುತ್ತದೆ. 1997ರಲ್ಲಿ ಸ್ಟ್ಯಾನ್‌ಫರ್ಡಿನ ಪ್ರೊಫೆಸರ್ ಹಾವ್ ಲೀ ಮತ್ತು ಜೊತೆಗಾರರು ಇದರ ಕಾರಣಗಳನ್ನು ಬಿಡಿಸಿ ಬರೆದ ಮೇಲೆ ಎಲ್ಲ ಬಿಸಿನೆಸ್ ಸ್ಕೂಲುಗಳಿಗೂ ಇದು ಪಾಠವಾಯಿತು.

ಈ ಆಟದ ಕತೆಯನ್ನು ರಜೆಯಲ್ಲಿ ಅತ್ತೆಯೊಬ್ಬರಿಗೆ ಹೇಳಿದ್ದೆ. ಸಂಜೆಯ ಹೊತ್ತಿಗೆ ಅಮ್ಮನಿಗೆ ಫೋನು: "ಕ್ಲಾಸಿನಲ್ಲೇ ಬಿಯರ್ ಕೊಡ್ತಾರಂತೆ?" ಮುಳ್ಳೇರಿಯದ ನೆಂಟರಿಗೆ ಮುಟ್ಟುವಾಗ ನನ್ನನ್ನು ಹಾಸ್ಟೆಲಿನಿಂದ ಹೊರಗೆ ಹಾಕಿದ್ದರು. ಒಬ್ಬರಿಂದ ಒಬ್ಬರಿಗೆ ದಾಟುವಾಗ ಹಿಗ್ಗುವುದು ಹೇಗೆ ಎಂದು ಬೇರೆ ಪಾಠ ಬೇಕಿರಲಿಲ್ಲ.

ಇಷ್ಟೆಲ್ಲ ಕೇಳುವವರು ನನ್ನಲ್ಲಿ ಕೇಳಬೇಕಾದ ಒಂದು ಪ್ರಶ್ನೆ ಉಂಟು, ಅದನ್ನು ಯಾರೂ ಕೇಳುವುದಿಲ್ಲ. 2020ರ ಮಾರ್ಚಿನಲ್ಲಿ ನಮಗೆ ಆದದ್ದು ಎಂತ?

ನಮ್ಮ ಕಾಸರಗೋಡು ಜಿಲ್ಲೆ ಕೇರಳದ್ದು, ಆದರೆ ಕರ್ನಾಟಕದ ಗಡಿಗೆ ತಾಗಿಕೊಂಡೇ ಉಂಟು. ಇಲ್ಲಿನ ಮಂಜೇಶ್ವರದಿಂದ ಮಂಗಳೂರಿಗೆ ಮುಕ್ಕಾಲು ಗಂಟೆ ಸಾಕು. ಕಣ್ಣೂರು ಜಿಲ್ಲೆಯ ಪರಿಯಾರಂ ಮೆಡಿಕಲ್ ಕಾಲೇಜು ಅದರ ಹಲವು ಪಟ್ಟು ದೂರ. ಹಾಗಾಗಿ ಹೆರಿಗೆಗೆ, ಡಯಾಲಿಸಿಸಿಗೆ, ಎದೆನೋವಿಗೆ ನಾವು ತಲೆಮಾರುಗಳಿಂದ ಓಡಿದ್ದು ಬಡಗು ದಿಕ್ಕಿಗೇ. ಗಡಿ ದಾಟುವ ದಾರಿಗೆ ಬರಗಾಲವಿಲ್ಲ, ತಲಪಾಡಿ ಒಂದೇ ಅಲ್ಲ, ಸಾರಡ್ಕ ಉಂಟು, ಜಾಲ್ಸೂರು ಉಂಟು, ಒಳದಾರಿಗಳು ಬೇಕಾದಷ್ಟು. ಕೋವಿಡ್ ಬಂದಾಗ ಕರ್ನಾಟಕ ಗಡಿ ಮುಚ್ಚಿತು. ಕೆಲವು ರಸ್ತೆಗಳಿಗೆ ಮಣ್ಣೇ ಸುರಿದರು. ಆಂಬುಲೆನ್ಸುಗಳು ತಲಪಾಡಿಯಿಂದ ತಿರುಗಿ ಬಂದವು, ಸಮಯಕ್ಕೆ ಆಸ್ಪತ್ರೆ ಸೇರಲಾಗದೆ ಜನ ಸತ್ತ ಸುದ್ದಿ ದಿನಾ ಬರುತ್ತಿತ್ತು. ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟು ಎಂದು ಹೋಗಿ, ಏಪ್ರಿಲ್ ಮೊದಲ ವಾರ ಕಳೆಯುವಾಗ ಕೋವಿಡ್ ಅಲ್ಲದ ರೋಗಿಗಳನ್ನು ಬಿಡುವ ಒಪ್ಪಂದವಾಯಿತು.

ದಾರಿ ಎಷ್ಟಿದ್ದರೇನು, ಎಲ್ಲದರ ಬೀಗದ ಕೈ ಒಬ್ಬರ ಹತ್ತಿರ ಇದ್ದರೆ ಅದು ಒಂದೇ ದಾರಿ. ಇಂಥದ್ದನ್ನು ಮೊದಲೇ ಕಂಡು ತಯಾರಿ ಮಾಡಿಡಲಿಕ್ಕೆ ಕಂಪನಿಗಳು ದುಡ್ಡು ಕೊಟ್ಟು ನಮ್ಮಂಥವರನ್ನು ಇಟ್ಟುಕೊಳ್ಳುತ್ತವೆ. ದಾಸ್ತಾನು ಇಡದೇ ನಡೆಸುವುದಕ್ಕೆ ಹೆಸರಾದ ಜಪಾನಿನ ಕಾರು ಕಂಪನಿ ಟೊಯೊಟಾ ಕೂಡ ಅಲ್ಲಿನ 2011ರ ಸುನಾಮಿಯ ಮೇಲೆ ಬುದ್ಧಿ ಬದಲಿಸಿ, ಕಾರಿಗೆ ಬೇಕಾದ ಎಲೆಕ್ಟ್ರಾನಿಕ್ ಚಿಪ್‌ಗಳನ್ನು ತಿಂಗಳುಗಟ್ಟಲೆಗೆ ಆಗುವಷ್ಟು ಇಟ್ಟುಕೊಳ್ಳಿ ಎಂದು ಪೂರೈಕೆದಾರರಿಗೆ ಹೇಳಿತು. 2021ರ ಆರಂಭದಲ್ಲಿ ಚಿಪ್ ಇಲ್ಲದೆ ಬೇರೆ ಕಾರು ಕಂಪನಿಗಳು ಕೈಕಟ್ಟಿ ಕೂತಾಗ ಅದಕ್ಕೆ ಸ್ವಲ್ಪ ಕಾಲ ಉಸಿರು ಸಿಕ್ಕಿತು. ನಮ್ಮ ಜಿಲ್ಲೆಯ ಲೆಕ್ಕ ನೋಡಿ: ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ. ಗಡಿ ಮುಚ್ಚಿದಾಗ ಅದರ ಆಡಳಿತ ಕಟ್ಟಡವನ್ನೇ ತರಾತುರಿಯಲ್ಲಿ ಕೋವಿಡ್ ಆಸ್ಪತ್ರೆ ಮಾಡಬೇಕಾಯಿತು. ಇದನ್ನು ಕೇಳಿ, ರಾತ್ರಿ ಇಡೀ ಕೂತು ಮಾತಾಡುತ್ತೇನೆ, ಜೊತೆಗೆ ಸೌತೆಯನ್ನೂ ಕೊರೆದು ಕೊಡುತ್ತೇನೆ.

ತಾವೂ ಇದನ್ನೇ ತೆಗೆದುಕೊಳ್ಳಲೇ ಎಂದು ಕೇಳುವ ತಂಗಿ ತಮ್ಮಂದಿರ ಮೇಲೆ ನನಗೆ ಸಿಟ್ಟಿಲ್ಲ. ಅಂಕಿ ಕಂಡರೆ ಹೆದರದಿದ್ದರೆ, ಗೋದಾಮಿನ ಧೂಳು ಆಗುವುದಾದರೆ, ಮಾಲು ಬರಲಿಲ್ಲ ಎಂದು ರಾತ್ರಿ ಹನ್ನೊಂದಕ್ಕೆ ಯಾರೋ ಫೋನಿನಲ್ಲಿ ಬೈದರೆ ಅಳು ಬಾರದಿದ್ದರೆ ತೆಗೆದುಕೊಳ್ಳಿ. ಎಲ್ಲ ಸರಿ ನಡೆದ ದಿನ ಯಾರೂ ನಿಮ್ಮನ್ನು ನೆನೆಸುವುದಿಲ್ಲ, ಅದು ಮೊದಲೇ ಗೊತ್ತಿರಲಿ.

ಸಂಬಳ ಎಷ್ಟು ಎಂದು ಕೇಳುವವರು ಅಮ್ಮನನ್ನೇ ಕೇಳಿ. ಒಬ್ಬೊಬ್ಬರಿಗೆ ಒಂದೊಂದು ಅಂಕಿ ಹೇಳಿಟ್ಟಿದ್ದಾಳೆ, ನಿಮ್ಮ ಪಾಲಿನದು ನನಗೆ ಗೊತ್ತಿಲ್ಲ.