ಮಖೆ ಬಾರದ ಆಗಸ್ಟ್

2023ರ ವರಮಹಾಲಕ್ಷ್ಮಿ ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪ ಮಳೆನೀರನ್ನೇ ನಂಬಿದ ಮಕ್ಕಿ ಗದ್ದೆಯ ಅಂಚಿನ ಮೇಲೆ ಕೂತಿದ್ದರು. ಹೊಸನಗರದ ಕಡೆ ಆ ದಿನಗಳಲ್ಲಿ ಕಂಬಳಿಕೊಪ್ಪೆಯಿಲ್ಲದೆ ಅಂಗಳ ದಾಟುವಂತಿರುವುದಿಲ್ಲ. ಅವತ್ತು ಬೇಸಿಗೆಯ ಬಿಸಿಲು. ಮುಂಗಾರು ಕೇರಳಕ್ಕೆ ಬಂದದ್ದೇ ಜೂನ್ 8ಕ್ಕೆ, ಒಂದು ವಾರ ತಡವಾಗಿ. ಜುಲೈ ಕೊನೆಯ ಜೋರು ಮಳೆಗೆ ಅವಸರದಲ್ಲಿ ನೆಟ್ಟಿ ಮುಗಿಸಿದ್ದರು. ಈಗ ಸಸಿಯ ಬುಡದಲ್ಲಿ ಬೆರಳು ತೂರುವಷ್ಟು ಬಿರುಕು.

"ಮಖೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು ಅಂತಾರೆ. ಮಗ ಬಂದ. ಮಖೆ ಬರಲಿಲ್ಲ" ಎಂದರು.

ರಾತ್ರಿ ಟಿವಿಯಲ್ಲಿ ಹಿಮಾಚಲದ ಕುಲ್ಲು ಕಡೆ ಕಟ್ಟಡಗಳು ಸಾಲಾಗಿ ಕುಸಿಯುವುದನ್ನು ತೋರಿಸುತ್ತಿದ್ದರು. ಅಮ್ಮ ನೋಡಲಾರದೆ ಎದ್ದು ಹೋದರು. "ನಮ್ಮ ಪಾಲಿನದನ್ನೂ ಅಲ್ಲೇ ಸುರೀತಿದೆಯೇನೋ" ಎಂದರು ಅಪ್ಪ. ಅವರ ಮಾತು ಹೆಚ್ಚುಕಡಿಮೆ ಸರಿಯೇ ಇತ್ತು. ಮುಂಗಾರಿನ ಕಡಿಮೆ ಒತ್ತಡದ ಪಟ್ಟಿ ಗಂಗಾ ಬಯಲನ್ನು ಬಿಟ್ಟು ಹಿಮಾಲಯದ ಬುಡಕ್ಕೆ ಸರಿದರೆ ಅಲ್ಲಿ ಜಡಿಮಳೆ, ನಮಗೆ ಬಿಡುವು. ಅಂಥ ಬಿಡುವು ಸಾಮಾನ್ಯವಾಗಿ ಕೆಲವು ದಿನಗಳದ್ದು. ಆ ಸಲ ತಿಂಗಳನ್ನೇ ನುಂಗಿತು.

"ಪೇಪರಿನಲ್ಲಿ ಎಲ್ ನಿನೊ ಅಂತ ಬರೀತಾರಲ್ಲ, ಎಂತದು ಅದು? ಎಲ್ಲಿಯದೋ ಪೆಸಿಫಿಕ್ ಕಡಲು ಕಾದರೆ ನಮ್ಮ ಗದ್ದೆ ಯಾಕೆ ಒಣಗಬೇಕು?"

ಬಚ್ಚಲೊಲೆಯ ಹಂಡೆಯನ್ನು ಮುಂದಿಟ್ಟುಕೊಂಡು ಹೇಳಿದೆ. ವಾಡಿಕೆಯ ವರ್ಷಗಳಲ್ಲಿ ಪೂರ್ವದಿಂದ ಬೀಸುವ ಗಾಳಿ ಪೆಸಿಫಿಕ್‌ನ ಬಿಸಿನೀರನ್ನು ಇಂಡೊನೇಷ್ಯಾದ ಕಡೆಗೆ ತಳ್ಳಿ ಸೇರಿಸುತ್ತದೆ. ಒಲೆ ಅಲ್ಲಿರುತ್ತದೆ, ಆವಿ ಅಲ್ಲಿ ಏಳುತ್ತದೆ, ಮೋಡ ಅಲ್ಲಿ ಕಟ್ಟುತ್ತದೆ. ಎಲ್ ನಿನೊ ವರ್ಷ ಆ ಗಾಳಿ ಸೋಲುತ್ತದೆ. ಬಿಸಿನೀರು ಪೂರ್ವಕ್ಕೆ, ಪೆರು ದೇಶದ ಕಡೆಗೆ ಹರಡುತ್ತದೆ. ಒಲೆ ಸರಿದರೆ ಆವಿ ಏಳುವ ಜಾಗವೂ ಸರಿಯಿತು. ಅಲ್ಲಿ ಮೇಲೆದ್ದ ಗಾಳಿ ನಮ್ಮ ಕಡೆ ಕೆಳಗಿಳಿಯುತ್ತದೆ. ಇಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ, ಒಣಗುತ್ತದೆ. ಅರಬ್ಬಿ ಸಮುದ್ರದಿಂದ ಮೋಡ ಬಂದರೂ ಅದನ್ನು ಬೆಳೆಯಗೊಡುವುದಿಲ್ಲ.

ಆ ಹೆಸರಿಟ್ಟವರು ಪೆರುವಿನ ಮೀನುಗಾರರು, ಕ್ರಿಸ್‌ಮಸ್ ಹೊತ್ತಿಗೆ ಕಡಲು ಬೆಚ್ಚಗಾಗುವುದನ್ನು ಕಂಡು ಬಾಲಯೇಸುವಿನ ಹೆಸರು ಕೊಟ್ಟರು ಎಂದಾಗ ಅಪ್ಪ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡರು. "ನಮ್ಮ ಮಖೆ, ಆರಿದ್ರೆ ಇದ್ದಹಾಗೆ" ಎಂದರು. ನನ್ನ ಅಷ್ಟೂ ವಿವರಣೆಗಿಂತ ಆ ಒಂದು ಮಾತು ನನಗೆ ದೊಡ್ಡದಾಗಿ ಕಂಡಿತು. ಮುಗಿಲು ನೋಡಿ ಬಿತ್ತುವವರಿಗೆ ನೀರು ನೋಡಿ ಬಲೆ ಬೀಸುವವರ ಪಾಡು ತಕ್ಷಣ ಗೊತ್ತಾಗಿತ್ತು.

ಧೈರ್ಯಕ್ಕೆಂದು 1997ರ ಮಾತು ತೆಗೆದೆ. ಆ ವರ್ಷ ಪೆಸಿಫಿಕ್ ಇನ್ನೂ ಹೆಚ್ಚು ಕಾದಿತ್ತು, ಆದರೂ ದೇಶದ ಮಳೆ ವಾಡಿಕೆಗೆ ಕಡಿಮೆಯಾಗಲಿಲ್ಲ. ಹಿಂದೂ ಮಹಾಸಾಗರದಲ್ಲಿ ಆಫ್ರಿಕಾದ ಕಡೆಯ ನೀರು ವಾಡಿಕೆಗಿಂತ ಬೆಚ್ಚಗಾಗಿ, ಸುಮಾತ್ರಾದ ಕಡೆಯದು ತಣ್ಣಗಾದದ್ದು ನಮ್ಮ ಕೈಹಿಡಿಯಿತು ಎನ್ನುತ್ತಾರೆ ಹವಾಮಾನ ತಜ್ಞರು. "ಹಾಗಾದರೆ ಈ ಸಲವೂ ಆದೀತಾ?" ಎಂದರು. ಆದೀತು ಎಂದೆ. ಬೇರೆ ಏನು ಹೇಳಲೂ ಮನಸ್ಸು ಬರಲಿಲ್ಲ.

ಆಗಸ್ಟ್ ಮುಗಿದಾಗ ದೇಶದಲ್ಲಿ ಶೇ 36ರಷ್ಟು ಮಳೆ ಕೊರತೆ. 1901ರಿಂದ ಇಟ್ಟ ಲೆಕ್ಕದಲ್ಲಿ ಅಷ್ಟು ಒಣ ಆಗಸ್ಟ್ ಇನ್ನೊಂದಿಲ್ಲ. ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಸೆಪ್ಟೆಂಬರ್‌ನಲ್ಲಿ ಬಂದ ಮಳೆ ಹಳ್ಳದ ಪಕ್ಕದ ಬಯಲು ಗದ್ದೆಯನ್ನು ಉಳಿಸಿತು. ಮಕ್ಕಿ ಗದ್ದೆಯ ಪೈರನ್ನು ಕಾಳು ಕಟ್ಟುವ ಮೊದಲೇ ಕೊಯ್ದು ದನಗಳಿಗೆ ಹಾಕಿದೆವು.